ಸೆರೆಯಾಳುಗಳ ಸೇತುವೆ

ಮಾರ್ಚ್ 12, ಭಾನುವಾರ

ನನ್ನ ಗುಬ್ಬಿಗೆ,

ನಿನ್ನ ಅಕ್ಕ ಇನ್ನೂ ಬದುಕಿದ್ದಾಳೆ, ಬೈಯಬೇಡ. ನಿನ್ನ ಎರಡೂ ಪತ್ರಗಳು ದಿಂಬಿನ ಕೆಳಗೇ ಇದ್ದವು. ಕಣ್ಣಿನ ಪೊರೆ ತೆಗೆದ ಮೇಲೆ ಒಂದು ತಿಂಗಳು ಓದು ಬರಹ ಮುಟ್ಟಕೂಡದೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದರು. ಪಟ್ಟಿ ಬಿಚ್ಚಿದ ದಿನ ಕನ್ನಡಿಯಲ್ಲಿ ಕಂಡ ಮುದುಕಿಯನ್ನು "ಯಾರಮ್ಮಾ ನೀನು?" ಎಂದು ಕೇಳುವುದೊಂದೇ ಬಾಕಿ ಇತ್ತು. ನಿನ್ನ ಮಂಡಿನೋವು ಹೇಗಿದೆ?

ಹೊಸ ಕಣ್ಣಿಗೆ ಲೋಕವೆಲ್ಲ ಈಗಷ್ಟೇ ತೊಳೆದಿಟ್ಟಂತೆ ಕಾಣುತ್ತದೆ. ದಿನಾ ಬೆಳಗ್ಗೆ ಹಿಟ್ಟಿನ ಗಿರಣಿಯ ಹಿಂದಿನ ಸೇತುವೆಯವರೆಗೆ ನಡೆಯುತ್ತೇನೆ. ಯುದ್ಧದ ಕಾಲದಲ್ಲಿ ಸೆರೆಯಾಳುಗಳು ಕಟ್ಟಿದ್ದು ಅದು, ನಿನಗೆ ಗೊತ್ತಲ್ಲ. ಕಲ್ಲಿನ ಅಂಚುಗಳು ಸವೆದು ಸವೆದು ಬಳಸಿದ ಸೋಪಿನ ಬಿಲ್ಲೆಯಂತಾಗಿವೆ. ಮಂಜು ಇಳಿದ ದಿನ ಕೆಳಗೆ ಹಳ್ಳ ಹರಿಯುತ್ತಿದೆಯೋ, ಸೇತುವೆಯೇ ಮೆಲ್ಲಗೆ ತೇಲಿಹೋಗುತ್ತಿದೆಯೋ ತಿಳಿಯುವುದಿಲ್ಲ. ಎಷ್ಟೋ ಹೊತ್ತು ಅಲ್ಲೇ ನಿಂತುಬಿಡುತ್ತೇನೆ.

ಹೋದ ವಾರ ಅಲ್ಲೊಬ್ಬಳು ಇಂಜಿನಿಯರ್ ಹುಡುಗಿ ಒಂದೊಂದು ಕಲ್ಲಿಗೂ ಸೀಮೆಸುಣ್ಣದಲ್ಲಿ ನಂಬರ್ ಬರೆಯುತ್ತಿದ್ದಳು. "ಇದನ್ನ ಕೆಡವ್ತೀರೇನಮ್ಮ?" ಎಂದು ಕೇಳಿಯೇಬಿಟ್ಟೆ.

"ಕೆಡವಲ್ಲ ಅಜ್ಜಿ. ಗಾರೆ ಉದುರಿಹೋಗಿದೆ. ಬಿಚ್ಚಿ, ಅದೇ ಕಲ್ಲನ್ನ ಅದೇ ಜಾಗದಲ್ಲಿ ಕೂರಿಸ್ತೀವಿ," ಅಂದಳು. ನಾನು ಇದೇ ಬೀದಿಯಲ್ಲಿ ಬೆಳೆದವಳೆಂದು ತಿಳಿದದ್ದೇ ತಡ, ಕೈಹಿಡಿದು ಮೆಟ್ಟಿಲಿಳಿಸಿ ನಡುವಿನ ಕಮಾನಿನಡಿಗೆ ಕರೆದೊಯ್ದಳು. "ಇದ್ಯಾಕೆ ಇಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ನೀವೊಂದ್ಸಲ ನೋಡಿ."

ನೀರಿನ ಮೇಲಿನ ಬಿಸಿಲು ಕಮಾನಿನೊಳಗೆ ಬಲೆ ಬೀಸಿದಂತೆ ಆಡುತ್ತಿತ್ತು. ಆ ಬೆಳಕಿನಲ್ಲಿ, ಕಲ್ಲಿನ ಮೇಲೆ ಉಳಿಯಿಂದ ಕೆತ್ತಿದ ಒಂದು ಕೊಡ. ಬೊಗಸೆಯಷ್ಟೇ ದೊಡ್ಡದು, ಬಾಯಿ ಒಂದು ಕಡೆ ನೆಗ್ಗಿದ್ದು. ಗುಬ್ಬೀ, ಅದು ನಮ್ಮ ಮನೆಯ ಕೊಡ! ನೀನು ಅಂಬೆಗಾಲಿಡುವಾಗ ಮೆಟ್ಟಿಲ ಮೇಲಿಂದ ಉರುಳಿಸಿದ್ದೆಯಲ್ಲ, ಅದೇ.

ಅಮ್ಮ ದಿನಾ ಮಧ್ಯಾಹ್ನ ಅದರಲ್ಲಿ ಸೆರೆಯಾಳುಗಳಿಗೆ ನೀರು ಒಯ್ಯುತ್ತಿದ್ದಳು. ಲೋಟ ಹಿಡಿದು ಹಿಂದೆ ನಾನು. ಕಾವಲುಗಾರ ಒಮ್ಮೆ ಗದರಿದ: "ವೈರಿಗಳಿಗೆ ನೀರು ಕೊಡ್ತೀಯೇನಮ್ಮ?"

"ನನ್ನ ಮಗನೂ ಆ ಕಡೆ ಯಾರ್ದೋ ಕಲ್ಲು ಹೊರ್ತಿರ್ತಾನಪ್ಪ," ಅಂದಳು ಅಮ್ಮ. "ಅವನಿಗೂ ಯಾರಾದ್ರೂ ಒಬ್ಬಳು ಕೊಡ್ಲಿ."

ಅವನು ಬೇರೆ ಕಡೆ ಮುಖ ತಿರುಗಿಸಿ ನಿಂತ. ಅಂದಿನಿಂದ ಅವಳು ಬರುವ ಹೊತ್ತಿಗೆ ಸರಿಯಾಗಿ ಅವನಿಗೆ ಬೂಟಿನ ದಾರ ಕಟ್ಟಿಕೊಳ್ಳುವ ಕೆಲಸ ಬೀಳುತ್ತಿತ್ತು.

ನಿನಗಾಗ ಎರಡು ವರ್ಷ. ಅಣ್ಣನೆಂದರೆ ಗೋಡೆಯ ಮೇಲಿನ ಫೋಟೋ. ಸೆರೆ ಸಿಕ್ಕಿದ್ದಾನೆ ಎಂಬ ಒಂದು ಕಾಗದ, ಯುದ್ಧ ಮುಗಿದ ಮೇಲೆ "ಪತ್ತೆಯಿಲ್ಲ" ಎಂಬ ಇನ್ನೊಂದು. ಅಷ್ಟೇ ನಿನಗೆ ಗೊತ್ತಿರುವುದು.

ಇದನ್ನೆಲ್ಲ ಕೇಳಿ ಆ ಹುಡುಗಿ ಕಣ್ಣೊರೆಸಿಕೊಂಡಳು. "ಇಲ್ಲೊಂದು ಫಲಕ ಹಾಕೋಣ ಅಜ್ಜಿ, ನಿಮ್ಮಮ್ಮನ ವಿಷಯ ಬರೆದು. ಕೊನೆಗೆ ನಿಮ್ಮಣ್ಣ ಏನಾದ್ರು ಅಂತ ಬರೀಲಿ?"

"ತಂಗೀನ ಕೇಳಿ ಹೇಳ್ತೀನಿ," ಎಂದು ಮನೆಗೆ ಬಂದುಬಿಟ್ಟೆ.

ಕಲ್ಲು ಬಿಚ್ಚುವ ಮೊದಲು ಒಮ್ಮೆ ಬಾ. ನಿನ್ನ ಮಂಡಿ ಬೇಗ ವಾಸಿಯಾಗಲಿ, ಮೊಮ್ಮಕ್ಕಳು ನಿನ್ನ ಮಾತು ಕೇಳಲಿ, ನಿನ್ನ ನಗು ಎಂದೂ ಬತ್ತದಿರಲಿ.

ನಿನ್ನ
ಅಕ್ಕ

ಮತ್ತೆ: ಇದು ಮರೆತು ಬಿಟ್ಟದ್ದಲ್ಲ, ಕೈ ಏಳದೆ ಕೊನೆಗೆ ಉಳಿದದ್ದು. ಸೇತುವೆ ಅರ್ಧ ಆಗಿದ್ದಾಗ ಅಣ್ಣನ ಜೊತೆಗಾರನಿಂದ ಒಂದು ಪತ್ರ ಬಂದಿತ್ತು. ಅಮ್ಮನಿಗೆ ಓದು ಬಾರದು. ನನಗೆ ಹತ್ತು ವರ್ಷ. ಜ್ವರದಲ್ಲಿ ಅಣ್ಣ ತೀರಿಕೊಂಡ, ತಾನೇ ಮಣ್ಣು ಮಾಡಿದೆ ಎಂದು ಬರೆದಿದ್ದ. ಅಮ್ಮ ಬಾಗಿಲಲ್ಲಿ ನಿಂತು, "ಬೇಗ ಓದೇ, ಏನಂತೆ?" ಅಂದಳು. ಅವಳ ಮುಖ ನೋಡಿ, "ಚೆನ್ನಾಗಿದ್ದಾನಂತೆ, ಬರ್ತಾನಂತೆ" ಎಂದು ಓದಿದೆ. ನಾಳೆ ಹೇಳೋಣ ಅಂದುಕೊಂಡೆ. ಆ ನಾಳೆ ಬರಲೇ ಇಲ್ಲ. ಪತ್ರವನ್ನು ಒಲೆಗೆ ಹಾಕಿದೆ. ಆಮೇಲೆ "ಪತ್ತೆಯಿಲ್ಲ" ಎಂದು ಬಂದಾಗಲೂ ಅಮ್ಮ ನಂಬಿದ್ದು ನನ್ನನ್ನೇ. ಸಾಯುವವರೆಗೂ, ಹತ್ತೊಂಬತ್ತು ವರ್ಷ, ಅವಳು ಬಾಗಿಲಿಗೆ ಚಿಲಕ ಹಾಕಗೊಡಲಿಲ್ಲ. ಗಾಳಿ ನುಗ್ಗುತ್ತೆ ಅಂತ ನೀನು ಅವಳನ್ನು ಬೈಯುತ್ತಿದ್ದೆ. ಬೈಸಿಕೊಳ್ಳಬೇಕಾದವಳು ನಾನು.