ಎರಡನೇ ಬಾಟಲಿಗೆ ಮೊದಲು

ಆಸ್ಪತ್ರೆ, ಎರಡನೇ ವಾರ್ಡಿನ ಹೊರಗಿನ ಬೆಂಚು
ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅತ್ತೆ,

ಮಂಡಿನೋವು ಹೇಗಿದೆ? ವಸತಿಶಾಲೆಯ ಆ ದೈತ್ಯ ಪಾತ್ರೆಗಳನ್ನು ಒಬ್ಬರೇ ಒಲೆಯಿಂದ ಇಳಿಸುತ್ತಿಲ್ಲ ತಾನೇ? ಅಲ್ಲಿ ಫೋನ್ ಕೆಟ್ಟು ನಾಲ್ಕು ದಿನವಾಯಿತಂತೆ. ಅದಕ್ಕೇ ನಿಮ್ಮ ಶಾಲೆಗೆ ತರಕಾರಿ ಒಯ್ಯುವ ವ್ಯಾನಿನವರ ಕೈಯಲ್ಲಿ ಈ ಪತ್ರ. ಮೊದಲೇ ಹೇಳಿಬಿಡುತ್ತೇನೆ, ಕೂತುಕೊಂಡು ಓದಿ. ನಿಮ್ಮ ಮಗನಿಗೆ ಎಚ್ಚರವಿದೆ.

ಬೆಳಿಗ್ಗೆ ಏಳಕ್ಕೆ ಲಾಯದಲ್ಲಿ ಹುಲ್ಲಿನ ಕಟ್ಟು ಎಳೆಯುವಾಗ ಇವರಿಗೆ ಹಾವು ಕಚ್ಚಿತು, ಉಂಗುರದ ಬೆರಳಿಗೇ. ಆ ಉಂಗುರ ತೊಡಿಸಿ ಇವತ್ತಿಗೆ ನಲವತ್ತೊಂದು ದಿನ ಅತ್ತೆ, ನಾನು ದಿನಾ ಎಣಿಸುತ್ತೇನೆ, ನಗಬೇಡಿ. ಬೆರಳು ಊದಿ ಅದನ್ನು ಇಕ್ಕಳದಲ್ಲಿ ಕತ್ತರಿಸಿ ತೆಗೆದರು. ಆಗಲೂ ಇವರಿಗೆ ತಮಾಷೆ: “ವಿಷದ ಔಷಧಿ ನಮ್ಮ ಕುದುರೆಗಳ ರಕ್ತದಿಂದಲೇ ಮಾಡೋದು ಕಣೇ. ದಿನಾ ಮೈ ಉಜ್ಜಿ ಸಾಕಿದೀನಿ, ನನಗೇ ಕೈ ಕೊಡ್ತಾವಾ?” ನಾನು ನಕ್ಕುಬಿಟ್ಟೆ. ಇವರು ಕೆಮ್ಮಿದರೂ ನನಗೆ ನಗು ಬರುತ್ತದೆ, ಅದೊಂದು ರೋಗ. ಆದರೆ ನರ್ಸ್ ಇವರ ರಕ್ತವನ್ನು ಗಾಜಿನ ಕೊಳವೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು ವಾಲಿಸಿದಾಗ ಅದು ಹೆಪ್ಪುಗಟ್ಟದೆ ನೀರಿನ ಹಾಗೆ ಹರಿಯಿತು. ನನ್ನ ನಗು ಅಲ್ಲಿಗೆ ನಿಂತಿತು.

ಡಾಕ್ಟರಮ್ಮ ಬರೆದುಕೊಳ್ಳುತ್ತಾ ಕೇಳಿದರು: “ಅಲರ್ಜಿ ಏನಾದ್ರೂ ಇದೆಯಾ? ಕುದುರೆ ಹತ್ತಿರ ಹೋದ್ರೆ ಸೀನು, ಉಬ್ಬಸ?” ಗಂಡನ ವಿಷಯ ನನಗಿಂತ ಯಾರಿಗೆ ಗೊತ್ತು ಎಂಬ ಜಂಬದಲ್ಲಿ ನಾನೇ ಮುಂದೆ ಬಿದ್ದು ಹೇಳಿದೆ: “ಕುದುರೆ ಲಾಯದಲ್ಲೇ ಕೆಲಸ ಡಾಕ್ಟ್ರೇ, ಅಲರ್ಜಿ ಎಲ್ಲಿಂದ ಬರಬೇಕು!” ಇವರು ಬಾಯಿ ತೆರೆದರು, ಮಂಚದ ಪಕ್ಕ ನಿಂತಿದ್ದ ಲಾಯದ ಮೇಲ್ವಿಚಾರಕರನ್ನು ನೋಡಿದರು, ಬಾಯಿ ಮುಚ್ಚಿಕೊಂಡರು.

ಔಷಧಿ ಹನಿಯತೊಡಗಿ ಹತ್ತು ನಿಮಿಷವಾಗಿರಲಿಲ್ಲ. ಮೈಯೆಲ್ಲ ಗಂಧೆ ಎದ್ದಿತು, ತುಟಿ ದಪ್ಪವಾಯಿತು, ಉಸಿರು ಸೀಟಿ ಹೊಡೆದ ಹಾಗೆ. ಡಾಕ್ಟರಮ್ಮ ಓಡಿಬಂದು ಹನಿ ನಿಲ್ಲಿಸಿ ತೊಡೆಗೆ ಸೂಜಿ ಚುಚ್ಚಿದರು. ಉಸಿರು ಮರಳಿದ ಮೇಲೆ ಇವರು ಒಂದೊಂದೇ ಪದವಾಗಿ ನಿಜ ಹೇಳಿದರು. ಲಾಯಕ್ಕೆ ಹೊರಡುವ ಮುಂಚೆ ನುಂಗುವ ಆ ಬಿಳಿ ಮಾತ್ರೆ ಅಲರ್ಜಿಯದಂತೆ. ವಿಟಮಿನ್ ಎಂದುಕೊಂಡು ನಲವತ್ತೊಂದು ದಿನವೂ ನೀರು ಕೊಟ್ಟವಳು ನಾನು! ಕೆಲಸ ಹೋಗುತ್ತದೆ ಎಂದು ಯಾರಿಗೂ ಹೇಳಿಲ್ಲ, ಹಿಂದೊಮ್ಮೆ ಲಾಯದಲ್ಲಿ ಉಸಿರು ಕಟ್ಟಿ ಬಿದ್ದಿದ್ದು ಅಮ್ಮನಿಗೆ ಮಾತ್ರ ಗೊತ್ತು ಎಂದರು.

“ಗೊತ್ತಿದ್ರೂ ಕೊಡಲೇಬೇಕಿತ್ತಮ್ಮ, ಬೇರೆ ಔಷಧಿ ಇಲ್ಲ. ಆದ್ರೆ ಸೂಜಿ ಕೈಯಲ್ಲಿ ಹಿಡಿದೇ ಶುರು ಮಾಡ್ತಿದ್ವಿ,” ಎಂದರು ಡಾಕ್ಟರಮ್ಮ. ಬೈದಿದ್ದರೆ ಚೆನ್ನಾಗಿತ್ತು. ವಿಷ ಇನ್ನೂ ಒಳಗಿದೆ ಅತ್ತೆ, ವಸಡಿನಿಂದ ರಕ್ತ ಬರುತ್ತಿದೆ. ಮತ್ತೆ ಅದೇ ಔಷಧಿಯನ್ನು ನಿಧಾನವಾಗಿ ಕೊಡಬೇಕು. ಅಂದು ಲಾಯದಲ್ಲಿ ಬಿದ್ದಾಗ ಎಷ್ಟು ಜೋರಾಗಿತ್ತು, ಆಸ್ಪತ್ರೆಯಲ್ಲಿ ಏನು ಕೊಟ್ಟರು, ಯಾವುದಕ್ಕೆ ಇಳಿಯಿತು, ಈ ಹಾಳೆಯ ಹಿಂದೆಯೇ ಬರೆದು ವ್ಯಾನಿನವರಿಗೆ ಕೊಡಿ. ಎರಡು ಗಂಟೆಗೆ ವಾಪಸ್ ಬರುತ್ತಾರೆ. ನನ್ನನ್ನು ಆಮೇಲೆ ಬೇಕಾದಷ್ಟು ಬೈಯಿರಿ, ಈಗ ಇವರಿಗಾಗಿ ಬೇಡಿಕೊಳ್ಳಿ.

ನಿಮ್ಮ ಕಾಲಿಗೆ ಬಿದ್ದು,
ನಿಮ್ಮ ಸೊಸೆ

ತಾ.ಕ.: ಉತ್ತರ ಬರೆಯುತ್ತಾ ಕೂರಬೇಡಿ. ಮೂಗಿನಲ್ಲೂ ರಕ್ತ ಬಂತು, ಎರಡು ಗಂಟೆಯವರೆಗೆ ಕಾಯಲಾಗದಂತೆ. ಸಹಿ ಹಾಕಿದೆ, ಎರಡನೇ ಬಾಟಲಿ ಏರಿಸಿದ್ದಾರೆ. ನನ್ನನ್ನು ಪಕ್ಕದಲ್ಲೇ ಕೂರಿಸಿ, ಹೊಸ ಗಂಧೆ ಕಂಡರೆ ಕೂಗು ಎಂದಿದ್ದಾರೆ. ವ್ಯಾನಿನವರು ಬಾಗಿಲಲ್ಲಿ ಕೈ ಚಾಚಿ ನಿಂತಿದ್ದಾರೆ. ಒಲೆ ಆರಿಸಿ ಅದೇ ವ್ಯಾನು ಹತ್ತಿ ಬನ್ನಿ. ಇವರ ಕುತ್ತಿಗೆಯ ಎಡಗಡೆ ಒಂದು ಕೆಂಪಗೆ ಕಾಣುತ್ತಿದೆ, ಹಳೆಯದೋ ಹೊಸದೋ ನನಗೆ ಗೊತ್ತಾಗುತ್ತಿಲ್ಲ. ನರ್ಸನ್ನು ಕೂಗಿದೆ. ನೀವು ಬನ್ನಿ ಅತ್ತೆ.