ಹದಿನೇಳನೇ ನಂಬರಿನ ಬಾಗಿಲು

ಪಾಂತ್‌ಗ್ಲಾಸ್, ವೇಲ್ಸ್
ಮಂಗಳವಾರ, 4 ಜೂನ್ 2019

ಇದ್ವಾಲ್‌ಗೆ,

ಮೊದಲು ‘ಪ್ರಿಯ’ ಎಂದು ಬರೆದು ಅದರ ಮೇಲೆ ಗೀಟು ಎಳೆದಿದ್ದೇನೆ. ಬೆಳಕಿಗೆ ಹಿಡಿದರೆ ಕಾಣುತ್ತದೆ, ಹಿಡಿಯಬೇಡ.

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಾಗಿರುವುದು ವಯಸ್ಸಿಗಲ್ಲ, ಖುಷಿಗೆ. ನಮ್ಮ ಊರು ತನ್ನ ಕಥೆಯನ್ನು ತಾನೇ ಬರೆಯುತ್ತಿದೆ! ಲೈಬ್ರರಿಯ ಬ್ರಾನ್‌ವೆನ್ ಎಬ್ಬಿಸಿದ ಗದ್ದಲ ಇದು. ಊರಿನ ಯಾವುದಾದರೂ ಒಂದು ಜಾಗದ ಬಗ್ಗೆ ಒಂದು ಪುಟ ಬರೆದು, ಹೆಸರು ಹಾಕದೆ ಅಂಚೆಯಲ್ಲಿ ಕಳಿಸಬೇಕು, ಎಲ್ಲ ಸೇರಿ ಒಂದು ಪುಸ್ತಕವಾಗುತ್ತದೆ. ಬೇಕರಿಯ ಬ್ರೆಡ್ ಇಫಾನ್ ತನ್ನ ಒಲೆಯ ಬಗ್ಗೆ ಬರೆದಿದ್ದಾನೆ. ಶಾಲೆಯ ಮಕ್ಕಳು ತಮ್ಮ ಪುಟದ ತುಂಬ ಸೇತುವೆಯ ಚಿತ್ರ ಬಿಡಿಸಿ ಹೊಳೆಗೆ ನೇರಳೆ ಬಣ್ಣ ಬಳಿದಿದ್ದಾರೆ, ಯಾರೂ ತಕರಾರು ಎತ್ತಿಲ್ಲ. ಶನಿವಾರ ಇಡೀ ಊರು ಬೀದಿ ಬೀದಿ ಸುತ್ತುತ್ತದೆ. ಯಾವ ಜಾಗದ ಬರಹವೋ ಆ ಜಾಗದ ಮುಂದೆ ನಿಂತು, ಬರೆದವರೇ ಓದಬೇಕು. ಓದದವರ ಬರಹ ಪುಸ್ತಕಕ್ಕೆ ಸೇರುವುದಿಲ್ಲ.

ಬಂದದ್ದನ್ನೆಲ್ಲ ಪುಸ್ತಕದ ಸಮಿತಿಗೆ ಗಟ್ಟಿಯಾಗಿ ಓದುವ ಕೆಲಸ ನನ್ನದು. ನಿನ್ನೆ ಇಪ್ಪತ್ತಮೂರನೆಯದನ್ನು ಎತ್ತಿಕೊಂಡೆ. ಟೈಪ್ ಮಾಡಿದ ಹಾಳೆ. ಚಾಪೆಲ್ ಬೀದಿ ಹದಿನೇಳನೇ ನಂಬರಿನ ಬಾಗಿಲಿನ ಬಗ್ಗೆ: ಮಳೆ ಬಂದರೆ ಉಬ್ಬಿ ಕಚ್ಚಿಕೊಳ್ಳುವ, ಹಿಡಿಯನ್ನು ಮೇಲೆತ್ತಿ ಎಡ ಸೊಂಟದಿಂದ ತಳ್ಳಿದರೆ ಮಾತ್ರ ತೆರೆಯುವ ಬಾಗಿಲು. ಆ ಮನೆ ಬಿಟ್ಟು ಹೋದವನೊಬ್ಬ ಈಗಲೂ ಯಾವ ಬಾಗಿಲು ಕಂಡರೂ, ಬ್ಯಾಂಕಿನ ಗಾಜಿನ ಬಾಗಿಲಿಗೂ, ಹಿಡಿ ಎತ್ತಿ ಸೊಂಟ ಕೊಡುತ್ತಾನಂತೆ. ಜನ ನಗುತ್ತಾರಂತೆ.

ಅರ್ಧಕ್ಕೇ ನಿಲ್ಲಿಸಿ, ಹೆಸರಿರುವುದಿಲ್ಲವೆಂದು ಗೊತ್ತಿದ್ದೂ ಹಾಳೆ ತಿರುಗಿಸಿ ನೋಡಿದೆ.

“ಅಯ್ಯೋ ನೆಸ್ಟಾ, ಇದು ನಿಮ್ಮನೆ ಬಾಗ್ಲಲ್ವೇನೇ!” ಎಂದು ಬ್ರಾನ್‌ವೆನ್ ಕೂಗಿದಳು. ಇಫಾನ್ ಸುಮ್ಮನಿರುತ್ತಾನೆಯೇ? “ಊರು ಬಿಟ್ಟು ಹೋದೋನು ಊರಿನೋನು ಹೆಂಗಾಗ್ತಾನೆ? ತೆಗೆದಾಕಿ ಅದನ್ನ” ಎಂದ. ನನಗೆ ಎಲ್ಲಿತ್ತೋ ಸಿಟ್ಟು. “ಆ ಬಾಗ್ಲು ಹೆಂಗೆ ತೆಗೀಬೇಕು ಅಂತ ಗೊತ್ತಿರೋನು ಈ ಊರಿನೋನೇ ಕಣೋ. ನೀನು ಇಲ್ಲೇ ಕೂತು ಹೆಂಡ್ತಿ ಹುಟ್ಟಿದಬ್ಬಾನೇ ಮರೆತೋನು!” ಎಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಿನ್ನ ಬರಹ ಉಳಿಯಿತು.

ಇದ್ವಾಲ್, ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನೀನು ನನ್ನೊಡನೆ ಆಡಿದ ಮಾತೆಲ್ಲ ಕೂಡಿದರೂ ಆ ಒಂದು ಪುಟದಷ್ಟು ಆಗಲಿಕ್ಕಿಲ್ಲ. ಗೋಡೆಯ ಜೊತೆ ಬಾಳಿದ ಹಾಗಿದೆ ಎಂದು ನಾನು ಕಿರುಚಿದ ದಿನ ನೀನು ಚೀಲ ಎತ್ತಿಕೊಂಡು ಹೊರಟೆ. ಒಂದು ಮಾತಾದರೂ ಹೇಳಿ ಹೋಗಬಾರದಿತ್ತೇ ಎಂದು ಆರು ವರ್ಷ ಹಲ್ಲು ಕಡಿದಿದ್ದೇನೆ. ಈಗ ಹೇಳಿದ್ದೀಯ, ಅದೂ ಇಡೀ ಸಮಿತಿಯ ಎದುರು, ನನ್ನ ಬಾಯಿಂದಲೇ. ನಾಚಿಕೆಯಾಯಿತು. ಸಂತೋಷವೂ ಆಯಿತು, ಅದನ್ನು ಮುಚ್ಚಿಡಲು ಆಗುತ್ತಿಲ್ಲ.

ಶನಿವಾರ ಮೂರು ಗಂಟೆಗೆ ನಮ್ಮ ಬಾಗಿಲಿನ ಸರದಿ. ನೀನೇ ಬಂದು ಓದಬೇಕು. ನಿನ್ನ ಪರವಾಗಿ ನಾನು ಇನ್ನೊಮ್ಮೆ ಓದುವವಳಲ್ಲ. ಬಾರದಿದ್ದರೆ ಪುಸ್ತಕದಲ್ಲಿ ನಮ್ಮ ಮನೆಯೇ ಇರುವುದಿಲ್ಲ. ನನಗೇನೂ ಪರವಾಗಿಲ್ಲ. ಆ ಬಾಗಿಲನ್ನಂತೂ ನೀನು ಬಿಟ್ಟುಹೋದ ವರ್ಷವೇ ನಾನು ಬಡಗಿಯನ್ನು ಕರೆಸಿ ಸರಿ ಮಾಡಿಸಿಬಿಟ್ಟೆ, ಈಗ ಒಂದು ಬೆರಳು ಸಾಕು. ಬರಹದಲ್ಲಿ ಅದೊಂದು ತಪ್ಪು ತಿದ್ದಿಕೊ.

ಇಂತಿ,
ಹದಿನೇಳನೇ ನಂಬರಿನ
ನೆಸ್ಟಾ

ತಾ.ಕ.: ತಿದ್ದಬೇಡ. ಬಡಗಿ ಎರಡು ಸಲ ಬಂದಿದ್ದ, ಎರಡು ಸಲವೂ ಚಹಾ ಕೊಟ್ಟು ವಾಪಸ್ ಕಳಿಸಿದೆ. ಶನಿವಾರ ಮಳೆಯಂತೆ. ಹಿಡಿ ಎತ್ತಿ ಎಡ ಸೊಂಟ ಕೊಡು, ಬಾಗಿಲು ತಟ್ಟಬೇಡ.