ಅಂಗಿ ಹಳತು ಮಾಡಿದ ಓಣಿ

ಯರಿಹಾಳ
೨೨೯೪ನೆಯ ಇಸವಿ, ನಡುಗಾರಿನ ಮೂರನೆಯ ವಾರ

ನಮಗಿಂತ ಮೊದಲು ಬದುಕುತ್ತಿರುವ ಹಿರಿಯರಿಗೆ ಯರಿಹಾಳದ ಅಂದಾನೆಪ್ಪನ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆಂದು ಕಾಗದವನ್ನು ಮಡಿಸಿ ಇಡಬೇಡಿ. ನಡುಗಾರು ಎಂಬ ಮಳೆಗಾಲ ನಿಮ್ಮಲ್ಲಿ ಇನ್ನೂ ಹುಟ್ಟಿಲ್ಲ. ನಮ್ಮಲ್ಲಿ ಮುಂಗಾರು ಹಿಂಗಾರುಗಳ ನಡುವೆ ಇನ್ನೊಂದು ಮಳೆ ಬರುತ್ತದೆ. ಬಂದಮೇಲೆ ಅದಕ್ಕೊಂದು ಹೆಸರು ಇಡಲೇಬೇಕಾಯಿತು. ಇಂಥ ಇನ್ನೂ ಕೆಲವು ಮಾತುಗಳು ಈ ಕಾಗದದಲ್ಲಿ ಬರುತ್ತವೆ, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕ, ಪತ್ರಿಕೆಗಳನ್ನು ಓದಿ ಓದಿ ನಿಮ್ಮ ಧಾಟಿಯನ್ನು ಕಲಿತಿದ್ದೇನೆ. ಆದರೂ ನನ್ನ ಕನ್ನಡ ನಿಮಗೆ ನೆಂಟರ ಮನೆಯ ಸಾರಿನ ಹಾಗೆ ಅನ್ನಿಸಬಹುದು: ಬೇಳೆ ಅದೇ, ರುಚಿ ಬೇರೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆಗೆ ನಾವು ಇಟ್ಟಿರುವ ಹೆಸರು ಅದು. ತಲುಪುತ್ತದೆಯೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದರ ಅಂಚೆಪೆಟ್ಟಿಗೆಯ ಬಳಿ ಕೂರುವ ಹುಡುಗಿ ನನ್ನ ಮುಖ ನೋಡಿಯೇ ಇದು ಬೈಗುಳದ ಕಾಗದ ಎಂದು ಊಹಿಸಿದಳು. "ಎಷ್ಟರ ಬೈರಿ ಅಜ್ಜಾರ, ಅವರೇನ ತಿರಗಿ ಬೈಯೂದಿಲ್ಲ. ಆದ್ರ ಅವರು ಹಿರ್‍ಯಾರು, ನಡುವ ಒಂದೆರಡು ಛೊಲೊ ಮಾತೂ ಹಾಕ್ರಿ" ಎಂದಳು. ಹಾಗೆಯೇ ಮಾಡುತ್ತೇನೆ. ಬೈಗುಳ ಮೊದಲು.

ನಮ್ಮ ಮೈಮೇಲೆ ಇರುವ ಬಟ್ಟೆಯ ಹೆಸರು ನಿಚ್ಚಳ. ಅದನ್ನು ಕಂಡುಹಿಡಿದವರು ನಿಮ್ಮ ಮರಿಮಕ್ಕಳು. ನಿಚ್ಚಳ ಸವೆಯುವುದಿಲ್ಲ, ಹರಿಯುವುದಿಲ್ಲ, ಬಣ್ಣ ಬಿಡುವುದಿಲ್ಲ. ಬೆವರು, ಎಣ್ಣೆ, ಮಣ್ಣು ಏನೇ ತಾಗಿದರೂ ತಾನೇ ಕುಡಿದು ಅರಗಿಸಿಕೊಂಡು, ಸ್ವಲ್ಪ ಹೊತ್ತಿನಲ್ಲಿ ಆಗತಾನೆ ಅಂಗಡಿಯಿಂದ ತಂದ ಹಾಗೆ ಆಗುತ್ತದೆ. ನಾನು ಉಟ್ಟಿರುವ ಧೋತರ ನನ್ನ ಅಜ್ಜನದು. ಇವತ್ತು ನೇಯ್ದದ್ದು ಎಂದರೆ ನೀವು ನಂಬುತ್ತೀರಿ. ಇದರಲ್ಲಿ ಸಿಟ್ಟಿಗೇಳುವಂಥದ್ದು ಏನಿದೆ ಎಂದು ಕೇಳುತ್ತೀರಿ. ನಿಮ್ಮ ಪತ್ರಿಕೆಗಳ ಜಾಹೀರಾತುಗಳನ್ನೆಲ್ಲ ನಾನು ಓದಿದ್ದೇನೆ. ಕಲೆ ಹೋಗಬೇಕು, ಸುಕ್ಕು ಹೋಗಬೇಕು, ವಾಸನೆ ಹೋಗಬೇಕು ಎಂದು ನೀವು ದಿನವೂ ಬೇಡಿಕೊಂಡಿರಿ. ಹೋಗಬೇಕಾದದ್ದು ಎಷ್ಟು, ಉಳಿಯಬೇಕಾದದ್ದು ಎಷ್ಟು ಎಂದು ಒಬ್ಬರಾದರೂ ಹೇಳಿಟ್ಟಿದ್ದರೆ ಚೆನ್ನಾಗಿತ್ತು. ಕೇಳಿದವರು ನೀವು, ಕೊಟ್ಟವರು ಅವರು, ಉಟ್ಟವರು ನಾವು.

ನನ್ನ ಮಗಳು ಶರಣವ್ವ ಮೂರು ದಿನದ ಜ್ವರದಲ್ಲಿ ತೀರಿಕೊಂಡಾಗ ಅವಳ ಮಗಳು ಸಾವಂತ್ರಿ ಇನ್ನೂ ಹಾಲುಹಲ್ಲಿನ ಕೂಸು. ದಿನಕರ್ಮ ಮುಗಿದು ನೆಂಟರು ಹೋದಮೇಲೆ ಮನೆ ತುಂಬ ಹುಡುಕಿದರೂ ಕೂಸು ಸಿಗಲಿಲ್ಲ. ನನ್ನ ಹೆಂಡತಿ ಪಾರವ್ವ ಕೊನೆಗೆ ಒಳಕೋಣೆಯಲ್ಲಿ ನೋಡಿದಳು. ಶರಣವ್ವನ ಟ್ರಂಕು ತೆರೆದಿತ್ತು. ಸಾವಂತ್ರಿ ಒಂದೊಂದೇ ಸೀರೆ ತೆಗೆದು ಮುಖಕ್ಕೆ ಒತ್ತಿಕೊಳ್ಳುತ್ತಿದ್ದಳು. ಕೆಳಗಿಟ್ಟು ಇನ್ನೊಂದನ್ನು ಎತ್ತುತ್ತಿದ್ದಳು. ಎಲ್ಲವೂ ಮಡಿಕೆ ಮುರಿಯದ ಹೊಸ ಸೀರೆಗಳ ಹಾಗೆ ಹೊಳೆಯುತ್ತಿದ್ದವು. ಬಾಗಿಲಲ್ಲಿ ಅಜ್ಜಿಯನ್ನು ಕಂಡು, "ಆಯಿ, ಇವು ಯಾರವು?" ಎಂದು ಕೇಳಿತು ಕೂಸು. ನನಗೆ ನೆನಪು ಗಟ್ಟಿ, ಬಹಳ ಸಂಗತಿಗಳು ನೆನಪಿವೆ. ಬಹಳವನ್ನು ಮರೆತರೂ ನಡೆದೀತು. ಇದೊಂದನ್ನು ಮರೆಯಲಾರೆ.

ಆ ಕೂಸು ಬೆಳೆದು ದೊಡ್ಡವಳಾಗಿ ಮದುವೆಯಾದಳು. ಗಂಡನ ಮನೆಗೆ ಹೊರಡುವ ಮುನ್ನ ನನ್ನ ಪುಸ್ತಕದ ಕಪಾಟಿನಿಂದ ನಿಮ್ಮ ಕಾಲದ ಒಂದು ಪುಸ್ತಕ ತೆಗೆದು, ಅದರಲ್ಲಿದ್ದ ಕೌದಿಯ ಚಿತ್ರವನ್ನು ತೋರಿಸಿದಳು. ಮನೆಯವರೆಲ್ಲ ಉಟ್ಟು ಬಿಟ್ಟ ಬಟ್ಟೆಯ ತುಂಡುಗಳನ್ನು ಪದರ ಪದರವಾಗಿ ಹಾಸಿ ಹೊಲಿದದ್ದು. "ಅಜ್ಜಾ, ನಾಳೆ ನನಗೊಂದು ಕೂಸ ಆದ್ರ ಇಂಥಾದ್ರಾಗ ಮಲಗಸಬೇಕು. ನಾ ಇದ್ರೂ ಸೈ, ಇರಲಿಕ್ರೂ ಸೈ, ಅದಕ್ಕ ನಮ್ಮವರ ವಾಸನಿ ಗೊತ್ತಿರಬೇಕು" ಎಂದಳು. ಮದುವೆಯ ಮನೆಯಲ್ಲಿ ಇಂಥ ಮಾತು ಆಡಬಾರದೆಂದು ಪಾರವ್ವ ಗದರಿದಳು, ಗದರುತ್ತಲೇ ಅತ್ತಳು.

ಆದರೆ ಹಳೆಯ ಬಟ್ಟೆ ತರುವುದು ಎಲ್ಲಿಂದ? ನಮ್ಮ ಲೋಕದಲ್ಲಿ ಅದೊಂದು ಇಲ್ಲ. ಮೊದಲು ಹತ್ತಿ ಬೆಳೆಯಬೇಕಾಯಿತು. ಎರೆಭೂಮಿ ನಮ್ಮದು, ಹತ್ತಿಯ ನೆಲ. ಆದರೆ ಹತ್ತಿ ಬೆಳೆದ ಕೈ ಊರಲ್ಲಿ ಒಂದೂ ಉಳಿದಿರಲಿಲ್ಲ. ಹಳೆಯ ಬೀಜಗಳನ್ನು ಕಾಪಾಡಿಡುವ ಬೀಜದ ಮನೆಗೆ ಹೋದೆ. ಅಲ್ಲಿಯ ಅಧಿಕಾರಿ ಹತ್ತಿ ಯಾಕೆ ಎಂದು ಕೇಳಿದ. ಅಂಗಿ ಮಾಡಲು ಎಂದೆ. ಅಂಗಿ ಯಾಕೆ ಎಂದ. ಹಳತು ಮಾಡಲು ಎಂದೆ. ಆತ ನನಗೆ ನೀರು ಕುಡಿಸಿ, ಮನೆಯವರು ಯಾರಾದರೂ ಜೊತೆಗೆ ಬಂದಿದ್ದಾರೆಯೇ ಎಂದು ವಿಚಾರಿಸಿದ. ಬೀಜ ಕೈಗೆ ಬರುವವರೆಗೆ ನಾನು ಅಲ್ಲಿಂದ ಏಳಲಿಲ್ಲ.

ಇನ್ನು ಛೊಲೊ ಮಾತು. ಕಾಯಿ ಬಿರಿದು ಹೊಲವೆಲ್ಲ ಬೆಳ್ಳಗಾದಾಗ ನಮ್ಮ ಓಣಿಯವರೆಲ್ಲ ಹತ್ತಿ ಬಿಡಿಸಲು ಬಂದರು. ಕರೆದಿರಲಿಲ್ಲ. ನೋಡಲು ಬಂದವರ ಕೈ ತಾನಾಗಿ ಹತ್ತಿಗೆ ಹೋಯಿತು. ಮಧ್ಯಾಹ್ನ ಬದುವಿನ ಮೇಲೆ ಕೂತು ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಪಕ್ಕದ ಹೊಲದ ಎಳೆ ಜೋಳದ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಯಾಗಿರುವಾಗಲೇ ಬಾಯಿಗೆ ಹಾಕಿಕೊಂಡೆವು. ಸೀತನಿಯ ರುಚಿ ನಿಮ್ಮ ಕಾಲದಲ್ಲೂ ಹೀಗೆಯೇ ಇತ್ತೆಂದು ಓದಿದ್ದೇನೆ. ಇಷ್ಟನ್ನು ಉಳಿಸಿಕೊಟ್ಟದ್ದಕ್ಕೆ ನಿಮಗೆ ಋಣಿ. ಸಂಜೆಯ ಹೊತ್ತು ಕಟ್ಟೆಯ ಮೇಲೆ ನೂಲುವುದು ಶುರುವಾಯಿತು. ನೂಲು ಒಂದು ಕಡೆ ಹಗ್ಗ, ಒಂದು ಕಡೆ ಕೂದಲು. ನನ್ನ ತಮ್ಮ ಗೂಳಪ್ಪ ಚಿತ್ರ ನೋಡಿ ಮಗ್ಗ ಕಟ್ಟಿದ. ಆತ ನೇಯ್ದ ಮೊದಲ ಬಟ್ಟೆಯನ್ನು ಎದುರು ಮನೆಯ ಖಾಸೀಂಬಿ ಬೆರಳಿನಿಂದ ಮುಟ್ಟಿ, "ಭಾಳ ಛೊಲೊ ಆಗೈತಿ ಗೂಳಪ್ಪಣ್ಣ. ಇದರಾಗ ಶೇಂಗಾ ತುಂಬಿದ್ರ ಒಂದ ಕಾಳೂ ಸೋರೂದಿಲ್ಲ" ಎಂದಳು.

ಅಷ್ಟು ಒರಟು ಬಟ್ಟೆ ಮೆತ್ತಗಾಗುವುದಕ್ಕೆ ಮೈ ಬೇಕು, ಬೆವರು ಬೇಕು, ಬಿಸಿಲು ಬೇಕು, ಒಗೆತ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಲ ಬೇಕು. ಹಾಗೆ ಹುಟ್ಟಿದ್ದು ಸವೆಪಾಳಿ. ಆ ಬಟ್ಟೆಯಲ್ಲಿ ಅಂಗಿ, ಸೀರೆ, ಪಂಜೆಗಳನ್ನು ಮಾಡಿ ಓಣಿಯವರೆಲ್ಲ ಸರದಿಯ ಮೇಲೆ ಉಡುವುದು. ಅಮಾವಾಸ್ಯೆಗೊಮ್ಮೆ ಒಗೆದು ಮುಂದಿನ ಮನೆಗೆ ಕೊಡುವುದು. ಉಟ್ಟವರು ಮೈಮುರಿದು ದುಡಿಯಬೇಕು ಎಂಬುದು ಪಾರವ್ವನ ಕಟ್ಟುನಿಟ್ಟು. ನನ್ನ ಸರದಿ ಬಂದಾಗ ಅಂಗಿ ಕೈಗೆ ಕೊಡುತ್ತ, "ಇವರಿಗೆ ಕೊಟ್ರ ಬೆನ್ನಷ್ಟ ಸವೀತೈತಿ. ಗ್ವಾಡಿಗೆ ಆನಿಕೊಂಡು ಓದೂದ ಬಿಟ್ರ ಬ್ಯಾರೆ ಏನ ಮಾಡ್ತಾರ" ಎಂದಳು. ಆ ತಿಂಗಳು ಅಂಗಿಯ ತೋಳಿಗೋಸ್ಕರ ನಾನು ಸೌದೆ ಒಡೆದೆ.

ಹೀಗೆ ನಾಲ್ಕಾರು ವರ್ಷ ನಡೆಯಿತು. ಹೆರಿಗೆ, ಕೊಯ್ಲು, ಜಗಳ, ಅಡುಗೆ ಎಲ್ಲವೂ ಆ ಬಟ್ಟೆಗಳಲ್ಲೇ ಆದವು. ಮೊದಮೊದಲು ಕತ್ತು ಕೆಂಪಾಗುತ್ತಿತ್ತು, ಆಮೇಲೆ ಆಗಲಿಲ್ಲ. ಬರಬರುತ್ತ ಒಂದೊಂದು ಬಟ್ಟೆ ಒಬ್ಬೊಬ್ಬರ ಮೈಗೆ ಒಗ್ಗಿ, ಸರದಿ ಸುತ್ತಿದರೂ ಹೆಚ್ಚು ತಿಂಗಳು ಅವರ ಬಳಿಯೇ ಉಳಿಯತೊಡಗಿತು. ಖಾಸೀಂಬಿಯ ಸೆರಗಿನಲ್ಲಿ ಒಗ್ಗರಣೆ ನಿಂತಿತು. ಗೂಳಪ್ಪನ ಅಂಗಿಯಲ್ಲಿ ಎತ್ತಿನ ಕೊಟ್ಟಿಗೆ. ಒಗೆದರೂ ಪೂರ್ತಿ ಹೋಗುತ್ತಿರಲಿಲ್ಲ. ನಮ್ಮ ಓಣಿಯವರು ಹೊರಗಿನ ಊರಿಗೆ ಹೋದರೆ ಜನ ಸ್ವಲ್ಪ ದೂರ ಸರಿದು ಕೂರುತ್ತಿದ್ದರು. ನಮಗೆ ಅದೊಂದು ಹೆಮ್ಮೆ.

ಈ ವರ್ಷದ ಮುಂಗಾರಿನಲ್ಲಿ ಸಾವಂತ್ರಿ ಚೊಚ್ಚಲ ಬಾಣಂತನಕ್ಕೆ ಬಂದಳು. ಬಂದವಳೇ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಕೆನ್ನೆಗೆ ಹಿಡಿದು ನೋಡಿದಳು. ಅವಳ ಕೆನ್ನೆಯ ಮೇಲೆ ಗೆರೆ ಎದ್ದಿತ್ತು. ಎಳೆಯ ಮೈಗೆ ಅವು ಇನ್ನೂ ಒರಟು. ದಿನಗಳು ಕಡಿಮೆ ಉಳಿದಿದ್ದವು. ಗೂಳಪ್ಪನಿಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಬಟ್ಟೆಗಳ ಗಂಟು ಕಟ್ಟಿಕೊಂಡು ಹಳ್ಳಕ್ಕೆ ಹೋಗಿ, ಬೇಗ ಮೆತ್ತಗಾಗಲೆಂದು ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಮೇಲೆ ಬಡಿದ. ನಮ್ಮ ಕಾಲದವರು ಮಾತ್ರ ಮಾಡಬಹುದಾದ ತಪ್ಪು ಅದು. ಸವೆಯುವುದನ್ನು ಕಾಣದೆ ಬೆಳೆದವನಿಗೆ ಹರಿದದ್ದು ಬೇರೆ, ಹಳೆಯದು ಬೇರೆ ಎಂದು ಹೇಗೆ ಗೊತ್ತಾಗಬೇಕು? ಅರ್ಧಕ್ಕಿಂತ ಹೆಚ್ಚು ಬಟ್ಟೆ ಎಳೆ ಎಳೆಯಾಗಿ ಹೊಲಿಗೆ ನಿಲ್ಲದ ಹಾಗೆ ಆಗಿತ್ತು. ಆತ ಒದ್ದೆ ಗಂಟನ್ನು ಅಂಗಳದಲ್ಲಿಟ್ಟು ತಲೆ ತಗ್ಗಿಸಿ ನಿಂತ. ಪಾರವ್ವ ಆ ಚಿಂದಿಗಳನ್ನು ಬಿಡಿಸಿ ನೋಡಿ, "ಲಗೂನ ದೊಡ್ಡಾವ ಆಗಲಿ ಅಂತ ಯಾರರ ಕೂಸಿಗೆ ಹೊಡೀತಾರೇನೋ, ಹುಚ್ಚಪ್ಪಾ" ಎಂದಳು. ಆತ ಅಂದು ಉಣ್ಣಲಿಲ್ಲ. ಮರುದಿನ ಸಾವಂತ್ರಿಯೇ ಅವನ ಮುಂದೆ ತಾಟು ಇಟ್ಟು, "ಸಣ್ಣಜ್ಜಾ, ನೀ ಉಣದಿದ್ರ ನಾನೂ ಉಣ್ಣೂದಿಲ್ಲ. ನಾ ಒಬ್ಬಾಕಿ ಅಲ್ಲ ನೋಡು ಈಗ" ಎಂದಾಗ ಕೈ ತೊಳೆದ.

ಸುದ್ದಿ ನಿಚ್ಚಳ ತಯಾರಿಸುವವರಿಗೂ ಮುಟ್ಟಿತು. ಅವರು ಒಂದು ಚೌಕದ ಬಟ್ಟೆ ಕಳಿಸಿದರು. ನೂರು ವರ್ಷ ಉಟ್ಟಷ್ಟು ಮೆತ್ತಗಿದೆ, ಯಂತ್ರದಲ್ಲಿ ಹೊತ್ತು ಮುಳುಗುವುದರೊಳಗೆ ಮಾಡಿದ್ದು, ಕೂಸಿಗೆ ನಮ್ಮ ಉಡುಗೊರೆ ಎಂದು ಬರೆದಿದ್ದರು. ನಾನು ಉಗ್ರವಾದ ಉತ್ತರವೊಂದನ್ನು ಬರೆಯಲು ಕೂತೆ. ಸಾವಂತ್ರಿ ನನ್ನ ಕೈ ಹಿಡಿದಳು. ಆ ಬಟ್ಟೆಯನ್ನು ಮುಖಕ್ಕೆ ಒತ್ತಿಕೊಂಡು ಕೂತಳು. ಟ್ರಂಕಿನ ಮುಂದೆ ಕೂತಿದ್ದ ಕೂಸು ನನ್ನ ಕಣ್ಣಿಗೆ ಕಟ್ಟಿತು. ಪಾರವ್ವ ಸೆರಗು ಬಾಯಿಗೆ ಹಿಡಿದಳು. ಕೊನೆಗೆ ಸಾವಂತ್ರಿ ಅದನ್ನು ಮಡಿಸಿ ಕೆಳಗಿಟ್ಟು ಹೇಳಿದಳು: "ಭಾಳ ಮೆತ್ತಗೈತಿ, ಅಜ್ಜಾ. ಆದ್ರ ಇದರಾಗ ಯಾರೂ ಇಲ್ಲ."

ಅದನ್ನು ಮರ್ಯಾದೆಯಿಂದ ಹಿಂದಕ್ಕೆ ಕಳಿಸಿದೆವು. ಆಮೇಲೆ ಉಳಿದ ಬಟ್ಟೆಗಳಲ್ಲಿ ಮೆತ್ತಗಾಗಿದ್ದ ಜಾಗಗಳನ್ನಷ್ಟೇ ಹುಡುಕಿ ಕತ್ತರಿಸಿದೆವು. ಸೆರಗಿನ ತುದಿ, ಕೊರಳಪಟ್ಟಿಯ ಹಿಂಭಾಗ, ಪಂಜೆಯ ಮೊಣಕಾಲು. ನನ್ನ ಅಂಗಿಯಲ್ಲಿ, ಪಾರವ್ವ ಹೇಳಿದ ಹಾಗೆ, ಬೆನ್ನು. ಒಂದೊಂದು ತುಂಡನ್ನು ಎತ್ತಿದಾಗಲೂ ಇದು ಯಾರದು ಎಂದು ಸಾವಂತ್ರಿ ಕೇಳುವಳು, ಯಾರಾದರೂ ಮೂಸಿ ಹೇಳುವರು. ಹೆಚ್ಚು ಕಡಿಮೆ ಎಲ್ಲರೂ ಸರಿಯಾಗಿ ಹೇಳಿದರು. ಗೂಳಪ್ಪನ ಚಿಂದಿಗಳನ್ನು ಒಳಪದರಕ್ಕೆ ಹಾಕಿದೆವು.

ಕೂಸು ಕೌದಿಗೆ ಕಾಯಲಿಲ್ಲ. ಹೆಣ್ಣು. ಹುಟ್ಟಿದಾಗ ಕೌದಿ ಒಂದು ಮೊರದಷ್ಟು ಅಗಲ ಮಾತ್ರ ಆಗಿತ್ತು. ಪಾರವ್ವ ಅದನ್ನೇ ಹಾಸಿ ಮಲಗಿಸಿದಳು. ಕೂಸು ಮುಖವನ್ನು ಆ ಕಡೆ ಈ ಕಡೆ ಹೊರಳಿಸಿ, ಮೂಗನ್ನು ಬಟ್ಟೆಗೆ ತಿಕ್ಕಿ, ಒಂದು ತುಂಡಿನ ಮೇಲೆ ಕೆನ್ನೆಯಿಟ್ಟು ಸುಮ್ಮನಾಯಿತು. ಅದು ಖಾಸೀಂಬಿಯ ಸೆರಗು. ಆಕೆ ಇಡೀ ಓಣಿಗೆ ಹೇಳಿಕೊಂಡು ಬಂದಳು.

ಹಿರಿಯರೇ, ನಿಮ್ಮಲ್ಲಿ ನನ್ನದೊಂದು ವಿನಂತಿ. ನಾವು ಒಂದು ಓಣಿ ಸೇರಿ ಇಷ್ಟು ವರ್ಷಗಳಲ್ಲಿ ಒಂದು ಮೊರದಷ್ಟು ಮಾಡಿದ್ದನ್ನು ನೀವು ಪ್ರತಿ ಹಬ್ಬಕ್ಕೂ ಗಂಟು ಕಟ್ಟಿ ಹೊರಗೆ ಹಾಕುತ್ತಿದ್ದೀರಿ. ನಿಮ್ಮ ಮನೆಯಲ್ಲಿ ಈಗ ಯಾರೋ ಉಟ್ಟು ಉಟ್ಟು ಬಣ್ಣಗೆಟ್ಟ ಸೀರೆಯಿದೆ, ಕಂಕುಳಲ್ಲಿ ಸವೆದು ಪಿಸಿದ ಅಂಗಿಯಿದೆ. ಅದನ್ನು ಎಸೆಯುವ ಮೊದಲು ಒಮ್ಮೆ ಮುಖಕ್ಕೆ ಹಿಡಿಯಿರಿ. ಅದರಲ್ಲಿ ಯಾರಾದರೂ ಇದ್ದರೆ ಉಳಿಸಿಕೊಳ್ಳಿ. ನಮಗೋಸ್ಕರ ಬೇಡ, ನಾವು ಹೇಗೋ ಮಾಡಿಕೊಳ್ಳುತ್ತೇವೆ. ನಿಮ್ಮ ಮನೆಯಲ್ಲೂ ಕೂಸುಗಳಿವೆ.

ಇಲ್ಲಿಗೆ ನಿಲ್ಲಿಸಬೇಕು. ಕೂಸು ಕೌದಿಯ ಮುಗಿದ ಭಾಗದಲ್ಲಿ ಮಲಗಿದೆ. ಮುಗಿಯದ ಕಡೆ ಪಾರವ್ವ, ಸಾವಂತ್ರಿ, ಖಾಸೀಂಬಿ ಕೂತು ಹೊಲಿಯುತ್ತಿದ್ದಾರೆ. ದಾರ ಎಳೆದಾಗ ಅಂಚು ಜಗ್ಗಿ ಕೂಸಿಗೆ ಎಚ್ಚರವಾಗದಂತೆ ನಡುವೆ ಒಬ್ಬರು ಅಂಗೈ ಊರಿ ಹಿಡಿದಿರಬೇಕು. ಇಷ್ಟು ಹೊತ್ತು ಗೂಳಪ್ಪ ಹಿಡಿದಿದ್ದ. ಈಗ ನನ್ನನ್ನು ಕರೆಯುತ್ತಿದ್ದಾರೆ.